ಹೊಸ ಡ್ಯಾಕ್ ಬೇಕು, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ

ಪ್ರಶ್ನೆ: ನನ್ನ ಹತ್ತಿರ ಒಂದು ಸ್ಟೀರಿಯೊ ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇವೆ. ಲ್ಯಾಪ್‌ಟಾಪ್‌ನಿಂದ ಎಂಟು ವರ್ಷ ಹಳೆಯ ಪುಟ್ಟ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿಸುವ ಪೆಟ್ಟಿಗೆ) ಯುಎಸ್‌ಬಿ ಕೇಬಲ್, ಅಲ್ಲಿಂದ ಆಂಪ್‌ಗೆ ಕೆಂಪು-ಬಿಳಿ ತುದಿಯ ಆರ್‌ಸಿಎ ಕೇಬಲ್. ಈ ಡ್ಯಾಕ್‌ನಲ್ಲಿ ಯುಎಸ್‌ಬಿ ಬಿಟ್ಟರೆ ಬೇರೆ ಇನ್‌ಪುಟ್ ಇಲ್ಲ. ಔಟ್‌ಪುಟ್ 1.5 ವೋಲ್ಟ್ ಅಂತ ಕೈಪಿಡಿಯಲ್ಲಿದೆ. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು ಬರುತ್ತದೆ. ಮೊನ್ನೆ ಗೆಳೆಯರೊಬ್ಬರು ತಮ್ಮ ಹೊಸ ಡ್ಯಾಕ್ ತಂದು ಜೋಡಿಸಿದರು. ಅದರದ್ದು 2.1 ವೋಲ್ಟ್. ಹಾಡಿಗೆ ಜೀವ ಬಂದ ಹಾಗಾಯಿತು. ನನಗೆ ಟಿವಿ ಮತ್ತು ಹಳೆಯ ಸಿಡಿ ಪ್ಲೇಯರನ್ನೂ ಇದಕ್ಕೇ ಸೇರಿಸುವ ಆಸೆ. ಡ್ಯಾಕ್ ಬದಲಿಸಲೇ? ಯಾವ ಚಿಪ್ ಒಳ್ಳೆಯದು? ಯುಎಸ್‌ಬಿ, ಕೋಆಕ್ಸಿಯಲ್ (ಲೋಹದ ಡಿಜಿಟಲ್ ಕೇಬಲ್), ಆಪ್ಟಿಕಲ್ (ಬೆಳಕಿನ ಕೇಬಲ್) ಇವುಗಳಲ್ಲಿ ಯಾವುದು ಮೇಲು? ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇರುವುದನ್ನೇ ತಗೋಬೇಕಾ?

ಉತ್ತರ: ಬದಲಿಸಿ. ಟಿವಿ ಸೇರಿಸಬೇಕು ಅಂತೀರಿ, ಹಳೆಯ ಡ್ಯಾಕ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಕಾರಣ ಇಷ್ಟು ಸಾಕು. ಆದರೆ ಗೆಳೆಯರ ಡ್ಯಾಕ್‌ನಲ್ಲಿ ಕೇಳಿದ ಆ ‘ಜೀವ’ವನ್ನು ನಂಬಿ ಜಾಸ್ತಿ ದುಡ್ಡು ಸುರಿಯಬೇಡಿ. ಹೊಸ ಪೆಟ್ಟಿಗೆ ಬಂದ ಕೂಡಲೇ ಗುಂಯ್ ಸದ್ದು ತಾನಾಗಿ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಇವೆರಡೂ ಜೋಡಣೆಗೆ ಸೇರಿದ ವಿಷಯ, ಚಿಪ್ಪಿಗಲ್ಲ.

ಮೊದಲು ಆ ಜೀವದ ವಿಚಾರ ನೋಡೋಣ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಹಳೆಯದು 1.5 ವೋಲ್ಟ್, ಹೊಸದು 2.1 ವೋಲ್ಟ್. ಲೆಕ್ಕ ಹಾಕಿದರೆ ಸುಮಾರು 2.9 ಡೆಸಿಬೆಲ್ ವ್ಯತ್ಯಾಸ. ಅಂದರೆ ಆಂಪ್‌ನ ವಾಲ್ಯೂಮ್ ಗುಂಡಿ ಮುಟ್ಟದೇ ಇದ್ದರೂ ಸ್ಪೀಕರ್‌ಗೆ ಹೋದ ಪವರ್ ಹೆಚ್ಚೂಕಮ್ಮಿ ಎರಡು ಪಟ್ಟಾಗಿತ್ತು. ತಮಾಷೆ ಏನೆಂದರೆ, ಇಷ್ಟು ಏರಿಕೆಯನ್ನು ನಾವು ಯಾವಾಗಲೂ ‘ಸದ್ದು ಜೋರಾಯಿತು’ ಅಂತ ಗುರುತಿಸುವುದಿಲ್ಲ. ಬೇಸ್ ತುಂಬಿ ಬಂತು, ಗಾಯಕಿಯ ಉಸಿರು ಕೇಳಿಸಿತು, ವೇದಿಕೆ ಅಗಲವಾಯಿತು ಅಂತೀವಿ. ಕಿವಿಯ ಸ್ವಭಾವವೇ ಹಾಗೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸದ್ದು ಕಡಿಮೆ ಇದ್ದಾಗ ಕೆಳಗಿನ ಸ್ವರಗಳು ಕಿವಿಗೆ ಇನ್ನೂ ಕಡಿಮೆ ಕೇಳುತ್ತವೆ. ಸದ್ದು ಏರಿದರೆ ಅವು ಉಳಿದವಕ್ಕಿಂತ ಬೇಗ ಮೇಲೆ ಬರುತ್ತವೆ. ಹಾಗಾಗಿ ನಿಮ್ಮ ಕಿವಿ ಸುಳ್ಳು ಹೇಳಲಿಲ್ಲ. ಅದು ಕೇಳಿದ್ದು ಜೋರಾದ ಡ್ಯಾಕನ್ನು, ಅಷ್ಟೇ.

ಹಾಗಾದರೆ ನ್ಯಾಯವಾಗಿ ಹೋಲಿಸುವುದು ಹೇಗೆ? ಒಂದು ಸಾದಾ ಮಲ್ಟಿಮೀಟರ್ ಸಾಕು. 100 ಹರ್ಟ್ಸ್‌ನ ಒಂದು ಸೈನ್ ಟೋನ್ (ಒಂದೇ ಸ್ವರದ ಏಕತಾನ ಸದ್ದು) ಫೈಲ್ ಇಳಿಸಿಕೊಳ್ಳಿ. 1000 ಹರ್ಟ್ಸ್ ಬೇಡ, ಅಗ್ಗದ ಮೀಟರುಗಳು ಅಲ್ಲಿ ತಪ್ಪು ಲೆಕ್ಕ ಕೊಡುವುದುಂಟು. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಸ್ಪೀಕರಿನ ಹಿಂದಿನ ಕೆಂಪು ಮತ್ತು ಕಪ್ಪು ತುದಿಗಳಿಗೆ ಹಿಡಿಯಿರಿ. ಹಿಡಿಯುವಾಗ ಎರಡೂ ಕಡ್ಡಿ ಒಂದಕ್ಕೊಂದು ತಾಗಬಾರದು, ತಾಗಿದರೆ ಆಂಪ್‌ಗೆ ಪೆಟ್ಟು. ಮೊದಲು ಕಡಿಮೆ ವೋಲ್ಟಿನ ಡ್ಯಾಕ್‌ನಿಂದ ಟೋನ್ ನುಡಿಸಿ. ಆಂಪ್‌ನ ಗುಂಡಿ ತಿರುಗಿಸಿ ಮೀಟರ್‌ನಲ್ಲಿ ಸುಮಾರು 1 ವೋಲ್ಟ್ ಬರುವಂತೆ ಮಾಡಿ. ಇನ್ನು ಆ ಗುಂಡಿ ಮುಟ್ಟಬೇಡಿ. ಆಮೇಲೆ ಜೋರಾದ ಡ್ಯಾಕ್‌ಗೆ ಬದಲಿಸಿ, ಲ್ಯಾಪ್‌ಟಾಪ್‌ನ ಪ್ಲೇಯರ್ ವಾಲ್ಯೂಮನ್ನು ಇಳಿಸುತ್ತಾ ಅದೇ ಅಂಕಿಗೆ ತನ್ನಿ. ಎರಡರ ನಡುವೆ ನೂರಕ್ಕೆ ಒಂದರಷ್ಟು ವ್ಯತ್ಯಾಸ ಉಳಿದರೆ ಅದು ಸುಮಾರು 0.1 ಡೆಸಿಬೆಲ್. ಅದಕ್ಕಿಂತ ನಿಖರತೆ ಬೇಡ.

ಈಗ ಇನ್ನೊಬ್ಬರನ್ನು ಕರೆಯಿರಿ. ಯಾವ ಡ್ಯಾಕ್ ನುಡಿಯುತ್ತಿದೆ ಅಂತ ನಿಮಗೆ ಕಾಣದ ಹಾಗೆ ಅವರು ಬದಲಿಸಲಿ, ನೀವು ಹೇಳುತ್ತಾ ಹೋಗಿ. 10ರಲ್ಲಿ 9 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಆಗ ವ್ಯತ್ಯಾಸ ನಿಜ ಅಂತ ಒಪ್ಪೋಣ. 6 ಸರಿಯಾದರೆ ಅದು ನಾಣ್ಯ ಚಿಮ್ಮಿದ ಫಲಿತಾಂಶಕ್ಕಿಂತ ದೂರವೇನಲ್ಲ. ಅರ್ಧ ಗಂಟೆಯ ಕೆಲಸ ಇದು. ಡ್ಯಾಕ್ ಕೊಳ್ಳುವವರು ಇದೊಂದನ್ನು ಮಾಡಿದರೆ ಮಾರುವವರ ಅರ್ಧ ಮಾತು ಕಟ್ಟಿಹೋಗುತ್ತದೆ.

ಅಳತೆ ಪಕ್ಕಾ ಆದ ಮೇಲೂ ವ್ಯತ್ಯಾಸ ಸ್ಪಷ್ಟವಾಗಿ ಕೇಳಿದರೆ, ಸಾಮಾನ್ಯವಾಗಿ ಅದರ ಹಿಂದೆ ಒಂದು ದೋಷ ಇರುತ್ತದೆ. ಹಳೆಯದರಲ್ಲಿ ಹಿಸ್, ಅಂದರೆ ಹಿನ್ನೆಲೆಯ ಉಸ್ ಅನ್ನುವ ಸದ್ದು ಇರಬಹುದು. ಯುಎಸ್‌ಬಿಯಿಂದ ಬರುವ 5 ವೋಲ್ಟನ್ನೇ ನೆಚ್ಚಿಕೊಂಡ ಪುಟ್ಟ ಡ್ಯಾಕ್‌ನಲ್ಲಿ ಲ್ಯಾಪ್‌ಟಾಪಿನ ಗಲೀಜು ಒಳಗೆ ನುಸುಳಿರಬಹುದು. ಇಲ್ಲವೇ ಯಾವುದೋ ಒಂದರಲ್ಲಿ ಬೇಕಂತಲೇ ಬೇರೆ ಫಿಲ್ಟರ್ ಇಟ್ಟಿರಬಹುದು.

ಗುಂಯ್ ಸದ್ದಿನ ಮೂಲ

ಡ್ಯಾಕ್ ಬದಲಿಸಿದರೂ ಸದ್ದು ಹೋಗಲಿಲ್ಲ ಅಂತ ಬರೆಯುವವರು ಬಹಳ ಜನ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಚಾರ್ಜರ್ ಹಾಕಿದಾಗ ಮಾತ್ರ ಸದ್ದು ಬರುತ್ತದೆ ಅಂದಿರಿ. ಅದೇ ದೊಡ್ಡ ಸುಳಿವು. ಚಾರ್ಜರಿನ ಅರ್ತ್ ಪಿನ್ ಮೂಲಕ ಲ್ಯಾಪ್‌ಟಾಪಿನ ಗ್ರೌಂಡ್ ಗೋಡೆಯ ಅರ್ತಿಗೆ ಸೇರುತ್ತದೆ. ಆಂಪ್ ಕೂಡ ತನ್ನ ಪವರ್ ಕೇಬಲ್ಲಿನ ಮೂಲಕ ಅದೇ ಅರ್ತಿಗೆ ಸೇರಿರುತ್ತದೆ. ಇವೆರಡರ ನಡುವೆ ಯುಎಸ್‌ಬಿ ಕೇಬಲ್ಲಿನ ಗ್ರೌಂಡ್, ಡ್ಯಾಕ್‌ನ ಗ್ರೌಂಡ್, ಆರ್‌ಸಿಎ ಕೇಬಲ್ಲಿನ ಹೊರಕವಚ ಸೇರಿ ಇನ್ನೊಂದು ದಾರಿ ಆಗುತ್ತದೆ. ಒಟ್ಟು ಒಂದು ಸುತ್ತು ಮುಚ್ಚಿತು. ಇದೇ ಗ್ರೌಂಡ್ ಲೂಪ್. ಈ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟು ಆರ್‌ಸಿಎ ಹೊರಕವಚದ ಎರಡು ತುದಿಗಳ ನಡುವೆ ಚೂರು ವೋಲ್ಟೇಜ್ ಹುಟ್ಟಿಸುತ್ತದೆ. ಆಂಪ್‌ಗೆ ಅದು ಹಾಡೋ ಗಲೀಜೋ ಅಂತ ಗೊತ್ತಾಗುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ. ಒಂದು ಮಿಲಿವೋಲ್ಟ್ ಇದ್ದರೂ ಸಾಕು, ಕೋಣೆ ನಿಶ್ಶಬ್ದವಾದಾಗ ಕಿವಿಗೆ ಬೀಳುತ್ತದೆ. ಡ್ಯಾಕ್ ಎಷ್ಟೇ ಒಳ್ಳೆಯದಿರಲಿ, ಈ ಗಲೀಜು ಸೇರುವುದು ಅದರ ಔಟ್‌ಪುಟ್ ದಾಟಿದ ಮೇಲೆ. ಹೊಸ ಡ್ಯಾಕ್ ಇದನ್ನು ತಡೆಯುವುದಾದರೂ ಹೇಗೆ, ಅಲ್ವಾ?

ಸದ್ದಿನಲ್ಲೂ ಎರಡು ಬಗೆ ಇದೆ. ದಪ್ಪ ಗುಂಯ್ ಅಂದರೆ ಮೇನ್ಸ್ ಕರೆಂಟಿನ 50 ಅಥವಾ 60 ಹರ್ಟ್ಸ್ ಮತ್ತು ಅದರ ಎರಡು, ಮೂರು ಪಟ್ಟುಗಳು. ಇನ್ನೊಂದು ಸಣ್ಣಗೆ ಕೀಚಲು. ಮೌಸ್ ಆಡಿಸಿದಾಗ, ಪುಟ ಸರಿಸಿದಾಗ ಚಿರ್ ಚಿರ್ ಅಂತ ಬದಲಾಗುತ್ತದೆ. ಅದು ಲ್ಯಾಪ್‌ಟಾಪಿನ ಒಳಗಿನ ಸ್ವಿಚಿಂಗ್ ಸರ್ಕ್ಯೂಟುಗಳ ಗದ್ದಲ, ಯುಎಸ್‌ಬಿ ಗ್ರೌಂಡ್ ಹಿಡಿದು ಬಂದದ್ದು. ಬಗೆ ಎರಡಾದರೂ ದಾರಿ ಒಂದೇ. ದಾರಿ ಕತ್ತರಿಸಿದರೆ ಎರಡೂ ನಿಲ್ಲುತ್ತವೆ.

ಕತ್ತರಿಸುವ ಮುಂಚೆ ಮೂಲ ಖಾತ್ರಿ ಮಾಡಿಕೊಳ್ಳಿ. ಆಂಪ್ ಆರಿಸಿ, ಡ್ಯಾಕ್‌ನ ಆರ್‌ಸಿಎ ಕೇಬಲ್ ಕಿತ್ತು, ಮತ್ತೆ ಆಂಪ್ ಹಾಕಿ. ಆಗಲೂ ಸದ್ದು ಇದ್ದರೆ ಆಂಪ್‌ನದ್ದೇ ತೊಂದರೆ. ಸದ್ದು ಇಲ್ಲದಿದ್ದರೆ ಕೇಬಲ್ ಮತ್ತೆ ಸೇರಿಸಿ, ಲ್ಯಾಪ್‌ಟಾಪಿನ ತುದಿಯಲ್ಲಿ ಯುಎಸ್‌ಬಿ ಕಿತ್ತು ನೋಡಿ. ಅಲ್ಲಿಗೆ ನಿಂತರೆ ಲೂಪ್ ಲ್ಯಾಪ್‌ಟಾಪ್ ಕಡೆಯಿಂದ ಬಂದಿದೆ ಅಂತ ಖಚಿತ. ಮುಂದೆ ಟಿವಿಯನ್ನು ಆಪ್ಟಿಕಲ್ ಬಿಟ್ಟು ಲೋಹದ ಕೇಬಲ್ಲಿನಿಂದ ಸೇರಿಸಿದರೆ ಇದೇ ಪರೀಕ್ಷೆ ಮಾಡಬೇಕಾಗಬಹುದು. ಟಿವಿಗೆ ಬರುವ ಕೇಬಲ್ ಅಥವಾ ಡಿಶ್ ವೈರು ಬೇರೆಲ್ಲೋ ಅರ್ತ್ ಆಗಿರುತ್ತದೆ, ಅದೂ ಒಂದು ಸುತ್ತು ಮಾಡುತ್ತದೆ.

ಪರಿಹಾರಗಳಲ್ಲಿ ಖರ್ಚಿಲ್ಲದ್ದು ಮೊದಲು. ಲ್ಯಾಪ್‌ಟಾಪ್ ಚಾರ್ಜರ್, ಡ್ಯಾಕ್, ಆಂಪ್ ಮೂರನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ. ಸುತ್ತು ಚಿಕ್ಕದಾಗುತ್ತದೆ, ಎಷ್ಟೋ ಸಲ ಸದ್ದು ಕೇಳದಷ್ಟು ಇಳಿಯುತ್ತದೆ. ಆರ್‌ಸಿಎ ಕೇಬಲ್ ಅನಗತ್ಯ ಉದ್ದ ಇದ್ದರೆ ಗಿಡ್ಡದ್ದು ಹಾಕಿ. ಇಷ್ಟಕ್ಕೂ ಬಗ್ಗದಿದ್ದರೆ ಪಕ್ಕಾ ಮದ್ದು ಆಪ್ಟಿಕಲ್. ಅದರಲ್ಲಿ ಹೋಗುವುದು ಬೆಳಕು, ಪ್ಲಾಸ್ಟಿಕ್ ಎಳೆಯಲ್ಲಿ ಗ್ರೌಂಡ್ ಎಲ್ಲಿಂದ ಬರಬೇಕು? ಲ್ಯಾಪ್‌ಟಾಪಿನಲ್ಲಿ ಆಪ್ಟಿಕಲ್ ಕಿಂಡಿ ಇರುವುದು ಅಪರೂಪ. ಆದರೆ ಯುಎಸ್‌ಬಿಯನ್ನು ಆಪ್ಟಿಕಲ್ ಆಗಿ ಬದಲಿಸುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ಲ್ಯಾಪ್‌ಟಾಪಿಗೆ ಆ ಪೆಟ್ಟಿಗೆ, ಅಲ್ಲಿಂದ ಆಪ್ಟಿಕಲ್ ಕೇಬಲ್, ಆಮೇಲೆ ಡ್ಯಾಕ್. ಸದ್ದಿನ ಕತೆ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಹೊಸ ಡ್ಯಾಕ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಎರಡಿದ್ದರೆ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಒಂದು ಟಿವಿಗೆ, ಒಂದು ಇದಕ್ಕೆ.

ಯುಎಸ್‌ಬಿ ಕೇಬಲ್ಲಿನ ನಡುವೆ ಕೂತು ಗ್ರೌಂಡ್ ದಾರಿ ಕತ್ತರಿಸುವ ಯುಎಸ್‌ಬಿ ಐಸೊಲೇಟರ್ ಇನ್ನೊಂದು ದಾರಿ. ಕೊಳ್ಳುವಾಗ ಒಂದು ವಿಷಯ ನೋಡಿ. ಅಗ್ಗದ ಐಸೊಲೇಟರುಗಳು ಸೆಕೆಂಡಿಗೆ 12 ಮೆಗಾಬಿಟ್ ವೇಗದವು. ಅದರಲ್ಲಿ 24 ಬಿಟ್, 96 ಕಿಲೋಹರ್ಟ್ಸ್ ತನಕ ಹಾಡು ಸಾಗುತ್ತದೆ (ಬಿಟ್ ಅಂದರೆ ಹಾಡಿನ ಪ್ರತಿ ಅಳತೆಯ ಸೂಕ್ಷ್ಮತೆ, ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಅಳತೆ). ಆದರೆ ಕೆಲವು ಹೊಸ ಡ್ಯಾಕುಗಳು 480 ಮೆಗಾಬಿಟ್ ವೇಗ ಸಿಗದಿದ್ದರೆ ಕೆಲಸವನ್ನೇ ಮಾಡುವುದಿಲ್ಲ. ‘ಹೈ ಸ್ಪೀಡ್’ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತಗೊಳ್ಳಿ. ಆರ್‌ಸಿಎ ನಡುವೆ ಹಾಕುವ ಟ್ರಾನ್ಸ್‌ಫಾರ್ಮರ್ ಐಸೊಲೇಟರ್ ಕೂಡ ಇದೆ. ಅಗ್ಗದ್ದು ಕೆಳಗಿನ ಬೇಸನ್ನು ಕೆಡಿಸುತ್ತದೆ, ಒಳ್ಳೆಯದು ದುಬಾರಿ. ನಾನಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ. ಚಾರ್ಜರಿನ ಅಥವಾ ಆಂಪ್‌ನ ಅರ್ತ್ ಪಿನ್ ಮುರಿಯುವುದು, ಟೇಪು ಸುತ್ತುವುದು. ಸದ್ದು ನಿಲ್ಲುತ್ತದೆ, ನಿಜ. ಆದರೆ ಒಳಗೆ ಒಂದು ವೈರು ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಾಗಿದ ದಿನ, ಆ ಕರೆಂಟು ಅರ್ತಿಗೆ ಹೋಗುವ ಬದಲು ಮುಟ್ಟಿದವರ ಮೈಮೇಲೆ ಹೋಗುತ್ತದೆ.

ಯಾವ ಸಾಧನಕ್ಕೆ ಯಾವ ಕೇಬಲ್

ಯುಎಸ್‌ಬಿ, ಕೋಆಕ್ಸಿಯಲ್, ಆಪ್ಟಿಕಲ್ ಇವುಗಳಲ್ಲಿ ಯಾವುದು ಮೇಲು ಅಂತ ಕೇಳುವುದಕ್ಕಿಂತ, ಯಾವ ಸಾಧನದಲ್ಲಿ ಯಾವುದು ಇದೆ ಅಂತ ನೋಡಿದರೆ ಕೆಲಸ ಸುಲಭ. ಲ್ಯಾಪ್‌ಟಾಪಿಗೆ ಯುಎಸ್‌ಬಿ, ಟಿವಿಗೆ ಆಪ್ಟಿಕಲ್, ಸಿಡಿ ಪ್ಲೇಯರ್‌ಗೆ ಕೋಆಕ್ಸಿಯಲ್. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಹಾಡು ಮೂರರಲ್ಲೂ ಒಂದೂ ಬಿಟ್ ಕಳೆಯದೆ ಸಾಗುತ್ತದೆ.

ವ್ಯತ್ಯಾಸ ಇರುವುದು ಗಡಿಯಾರದಲ್ಲಿ. ಕೋಆಕ್ಸಿಯಲ್, ಆಪ್ಟಿಕಲ್ ಎರಡೂ ಎಸ್‌ಪಿಡಿಐಎಫ್ ಅನ್ನುವ ಒಂದೇ ಪದ್ಧತಿ. ಸೋನಿ ಮತ್ತು ಫಿಲಿಪ್ಸ್ ಸೇರಿ ತಂದದ್ದು. ಇದರಲ್ಲಿ ಹಾಡಿನ ಜೊತೆಗೇ ತಾಳವೂ ಬರುತ್ತದೆ, ಡ್ಯಾಕ್ ಆ ಸಿಗ್ನಲ್ಲಿನಿಂದಲೇ ಗಡಿಯಾರವನ್ನು ಹೆಕ್ಕಿಕೊಳ್ಳಬೇಕು. ಅಲ್ಲಿ ಚೂರು ಅಲುಗಾಟ ಆದರೆ ಅದೇ ಜಿಟರ್. ಅಸಿಂಕ್ರೊನಸ್ ಯುಎಸ್‌ಬಿಯಲ್ಲಿ ಕತೆ ಉಲ್ಟಾ. ಗಡಿಯಾರ ಡ್ಯಾಕ್‌ನ ಒಳಗೇ ಇರುತ್ತದೆ, ‘ಈಗ ಇಷ್ಟು ಕಳಿಸು’ ಅಂತ ಡ್ಯಾಕ್ ಹೇಳುತ್ತದೆ, ಲ್ಯಾಪ್‌ಟಾಪ್ ಅದರ ಮಾತು ಕೇಳುತ್ತದೆ. ತತ್ವದಲ್ಲಿ ಇದು ಚೊಕ್ಕ. ಆದರೆ ಈಗಿನ ಡ್ಯಾಕುಗಳು ಎಸ್‌ಪಿಡಿಐಎಫ್ ಜಿಟರನ್ನೂ ಚೆನ್ನಾಗಿಯೇ ತೊಳೆಯುತ್ತವೆ. ಆಪ್ಟಿಕಲ್ ಬಳಸಿದರೆ ಜಿಟರ್ ಜಾಸ್ತಿ ಅಂತ ಹೆದರಿ, ಗುಂಯ್ ಅನ್ನುವ ಯುಎಸ್‌ಬಿಯನ್ನೇ ಇಟ್ಟುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಕಿವಿಗೆ ಕೇಳುವ ತೊಂದರೆ ಮೊದಲು ಹೋಗಲಿ.

ಟಿವಿಯಲ್ಲಿ ಬಹಳ ಜನ ಎಡವುವ ಒಂದು ಕಡೆ ಇದೆ. ಕೇಬಲ್ ಹಾಕಿದೆ, ಕೆಂಪು ಬೆಳಕು ಕಾಣುತ್ತದೆ, ಡ್ಯಾಕ್ ಮಾತ್ರ ಮೌನ. ಕಾರಣ ಇಷ್ಟೇ: ಟಿವಿ ಡಾಲ್ಬಿ ಡಿಜಿಟಲ್ ಅನ್ನುವ ಕುಗ್ಗಿಸಿದ ರೂಪದಲ್ಲಿ ಸದ್ದು ಕಳಿಸುತ್ತಿದೆ, ಸ್ಟೀರಿಯೊ ಡ್ಯಾಕ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ. ಅಲ್ಲಿ ‘ಆಟೊ’ ಅಥವಾ ‘ಬಿಟ್‌ಸ್ಟ್ರೀಮ್’ ತೆಗೆದು, ಕುಗ್ಗಿಸದ ಸಾದಾ ರೂಪವಾದ ‘ಪಿಸಿಎಂ’ ಮಾಡಿ. ಜೊತೆಗೆ ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಯ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆದಿದ್ದೀರಾ ನೋಡಿಕೊಳ್ಳಿ. ನಗಬೇಡಿ, ಅದು ಪಾರದರ್ಶಕ ಇರುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಕೇಬಲನ್ನು ಚೂಪಾಗಿ ಮಡಚಬೇಡಿ, ಒಳಗಿನ ಎಳೆ ಮುರಿದರೆ ಹೊರಗೆ ಕಾಣುವುದಿಲ್ಲ. ಆಪ್ಟಿಕಲ್‌ನಲ್ಲಿ 96 ಕಿಲೋಹರ್ಟ್ಸ್ ತನಕ ಧೈರ್ಯವಾಗಿರಬಹುದು. 192 ಎಲ್ಲ ಸಾಧನಗಳಲ್ಲೂ ಹಿಡಿಯುವುದಿಲ್ಲ.

ಕೋಆಕ್ಸಿಯಲ್‌ಗೆ ಬೇಕಾದ್ದು 75 ಓಮ್‌ನ ಕೇಬಲ್. ಹಿಂದೆ ವಿಡಿಯೊಗೆ ಬಳಸುತ್ತಿದ್ದ ಹಳದಿ ತುದಿಯ ಕೇಬಲ್ ಅದೇ 75 ಓಮ್‌ನದ್ದು. ಪೆಟ್ಟಿಗೆ ತಡಕಾಡಿದರೆ ಒಂದು ಸಿಕ್ಕೇ ಸಿಗುತ್ತದೆ, ಅದನ್ನೇ ಹಾಕಿ. ಡಿಜಿಟಲ್ ಕೇಬಲ್ಲಿಗೆ ಇದಕ್ಕಿಂತ ಜಾಸ್ತಿ ಖರ್ಚು ಮಾಡುವ ಅಗತ್ಯ ನನಗಂತೂ ಕಂಡಿಲ್ಲ. ಅಂದ ಹಾಗೆ, ನಿಮ್ಮ ಸಿಡಿ ಪ್ಲೇಯರಿನ ಒಳಗೇ ಒಂದು ಡ್ಯಾಕ್ ಇದೆ. ಅದರ ಆರ್‌ಸಿಎ ಔಟ್‌ಪುಟನ್ನು ನೇರ ಆಂಪ್‌ಗೂ ಹಾಕಬಹುದು. ಎರಡೂ ರೀತಿ ಜೋಡಿಸಿ, ಮೇಲೆ ಹೇಳಿದ ಹಾಗೆ ಅಳತೆ ಸರಿಮಾಡಿ ಕೇಳಿ ನೋಡಿ. ಹಳೆಯದು ಅಂತ ಸುಮ್ನೆ ಬದಿಗಿಡುವ ಹಾಗಿಲ್ಲ.

ಇನ್ನು ಆಂಪ್ ಕಡೆ. ಡ್ಯಾಕ್‌ನ ಆರ್‌ಸಿಎ ಹೋಗಬೇಕಾದ್ದು ಸಿಡಿ, ಆಕ್ಸ್ ಅಥವಾ ಲೈನ್ ಅಂತ ಬರೆದಿರುವ ಕಿಂಡಿಗೆ. ‘ಫೋನೊ’ ಅಂತ ಇರುವಲ್ಲಿಗೆ ಬೇಡವೇ ಬೇಡ. ಅದು ರೆಕಾರ್ಡ್ ಪ್ಲೇಯರಿನ ಕೆಲವೇ ಮಿಲಿವೋಲ್ಟ್‌ಗಾಗಿ ಇರುವುದು. ಸಿಗ್ನಲ್ಲನ್ನು ಸುಮಾರು 40 ಡೆಸಿಬೆಲ್, ಅಂದರೆ ನೂರು ಪಟ್ಟು ಹಿಗ್ಗಿಸುತ್ತದೆ. ಅಲ್ಲಿಗೆ 2 ವೋಲ್ಟ್ ಕೊಟ್ಟರೆ ಕಿರುಚಾಟ ಬಿಟ್ಟು ಏನೂ ಬರುವುದಿಲ್ಲ, ಸ್ಪೀಕರ್ ಕೂಡ ಅಪಾಯದಲ್ಲಿ. ‘ಪವರ್ ಇನ್’ ಅಥವಾ ‘ಮೇನ್ ಇನ್’ ಇದ್ದರೆ ಅದನ್ನೂ ಮುಟ್ಟಬೇಡಿ. ಅಲ್ಲಿ ವಾಲ್ಯೂಮ್ ಗುಂಡಿಯ ಮಾತು ನಡೆಯುವುದಿಲ್ಲ.

ಇದನ್ನು ಓದುವವರಲ್ಲಿ ಎವಿ ರಿಸೀವರ್ (ಹೋಮ್ ಥಿಯೇಟರ್ ಆಂಪ್) ಇಟ್ಟುಕೊಂಡವರಿಗೆ ಒಂದು ಮಾತು. ಬಹಳಷ್ಟು ಎವಿ ರಿಸೀವರುಗಳು, ಕೋಣೆಗೆ ತಕ್ಕಂತೆ ಸದ್ದು ತಿದ್ದುವ ರೂಮ್ ಕರೆಕ್ಷನ್ ಇರುವ ಆಂಪುಗಳು, ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಇರುವ, ಒಳಗೇ ಆಂಪ್ ಹೊಂದಿದ ಆಕ್ಟಿವ್ ಸ್ಪೀಕರುಗಳು ಒಳಗೆ ಬಂದ ಅನಲಾಗ್ ಸಿಗ್ನಲ್ಲನ್ನು ಮತ್ತೆ ಡಿಜಿಟಲ್ ಮಾಡುತ್ತವೆ, ಆಮೇಲೆ ತಮ್ಮದೇ ಡ್ಯಾಕ್‌ನಿಂದ ಹೊರಗೆ ಬಿಡುತ್ತವೆ. ನೀವು ಎಷ್ಟೇ ದುಬಾರಿ ಡ್ಯಾಕ್ ತಂದರೂ ಕೊನೆಯಲ್ಲಿ ಕೇಳುವುದು ಅವುಗಳ ಡ್ಯಾಕನ್ನೇ. ಅಂಥ ಸಾಧನಕ್ಕೆ ಡಿಜಿಟಲ್ ಕೇಬಲ್ ನೇರ ಕೊಡಿ, ಇಲ್ಲವೇ ‘ಪ್ಯೂರ್ ಡೈರೆಕ್ಟ್’ ಥರದ ಆಯ್ಕೆ ಇದೆಯಾ ನೋಡಿ. ನಿಮ್ಮದು ಸಾದಾ ಸ್ಟೀರಿಯೊ ಆಂಪ್ ಆದ್ದರಿಂದ ಈ ಚಿಂತೆ ಇರಲಿಕ್ಕಿಲ್ಲ. ಆದರೂ ಕೈಪಿಡಿ ಒಮ್ಮೆ ತೆರೆದು ನೋಡಿ.

ವಾಲ್ಯೂಮ್ ಎಲ್ಲಿ ತಿರುಗಿಸಬೇಕು

ಹೊಸ ಡ್ಯಾಕ್‌ನಲ್ಲಿ ಬಹುಶಃ ವಾಲ್ಯೂಮ್ ಗುಂಡಿಯೂ ಇರುತ್ತದೆ. ಈಗ ಲ್ಯಾಪ್‌ಟಾಪ್‌ನಲ್ಲಿ ಒಂದು, ಡ್ಯಾಕ್‌ನಲ್ಲಿ ಒಂದು, ಆಂಪ್‌ನಲ್ಲಿ ಒಂದು, ಒಟ್ಟು ಮೂರು. ಆಂಪ್‌ನದ್ದನ್ನು ಮಾತ್ರ ದಿನಾ ಬಳಸಿ, ಉಳಿದೆರಡು ಪೂರ್ತಿ ಮೇಲಿರಲಿ. ಡ್ಯಾಕ್‌ನಲ್ಲಿ ‘ಫಿಕ್ಸ್‌ಡ್’ ಅಥವಾ ‘ಲೈನ್’ ಅನ್ನುವ ಆಯ್ಕೆ ಇದ್ದರೆ ಅದನ್ನೇ ಒತ್ತಿ.

ಇದಕ್ಕೆ ಒಂದು ಅಪವಾದ ಇದೆ, ಮತ್ತು ಅದು ಅಷ್ಟೇನೂ ಅಪರೂಪವಲ್ಲ. ಹಲವು ಆಂಪುಗಳಿಗೆ 0.2ರಿಂದ 0.5 ವೋಲ್ಟ್ ಸಿಕ್ಕರೆ ಸಾಕು, ಪೂರ್ತಿ ಪವರ್ ಕೊಡುತ್ತವೆ. ನಾವು ಕೊಡುತ್ತಿರುವುದು 2 ವೋಲ್ಟ್. ಹಾಗಾಗಿ ಗುಂಡಿಯನ್ನು ಕಾಲು ಭಾಗ ತಿರುಗಿಸುವಷ್ಟರಲ್ಲಿ ಮನೆ ನಡುಗುತ್ತದೆ. ರಾತ್ರಿ ಮೆಲ್ಲಗೆ ಕೇಳಬೇಕೆಂದರೆ ಗುಂಡಿ ತೀರಾ ಕೆಳಗೆ ಇರಬೇಕಾಗುತ್ತದೆ. ಆ ತುದಿಯಲ್ಲಿ ಸಾಮಾನ್ಯ ವಾಲ್ಯೂಮ್ ಗುಂಡಿಗಳು ಎಡ ಬಲ ಸಮ ಮಾಡುವುದಿಲ್ಲ, ಹಾಡು ಒಂದು ಕಡೆ ವಾಲುತ್ತದೆ. ನಿಮ್ಮಲ್ಲಿ ಹೀಗಾದರೆ ಡ್ಯಾಕ್‌ನ ವಾಲ್ಯೂಮನ್ನು 10 ಡೆಸಿಬೆಲ್ ಇಳಿಸಿಬಿಡಿ. ಡಿಜಿಟಲ್ ವಾಲ್ಯೂಮ್ ಇಳಿಸಿದರೆ ಬಿಟ್ ಕಳೆದುಹೋಗುತ್ತದೆ ಅಂತ ಹೇಳುವವರಿದ್ದಾರೆ. 6 ಡೆಸಿಬೆಲ್‌ಗೆ ಒಂದು ಬಿಟ್ ಅನ್ನುವ ಲೆಕ್ಕ ಸರಿಯೇ. ಆದರೆ ಈ ಕೆಲಸ ನಡೆಯುವುದು 24 ಅಥವಾ 32 ಬಿಟ್‌ನಲ್ಲಿ, ಹಾಡು ಇರುವುದು 16 ಬಿಟ್‌ನಲ್ಲಿ. 10 ಡೆಸಿಬೆಲ್ ಇಳಿಸಿದರೆ ಹೋಗುವುದು ಎರಡು ಬಿಟ್‌ಗೂ ಕಡಿಮೆ. ಖಾಲಿ ಜಾಗ ಎಂಟು ಬಿಟ್ ಇದೆ.

ಎಕ್ಸ್‌ಎಲ್‌ಆರ್ ಪ್ರಶ್ನೆಯೂ ಇಲ್ಲಿಗೇ ಬರುತ್ತದೆ. ಅದರ ಔಟ್‌ಪುಟ್ ಸಾಮಾನ್ಯವಾಗಿ 4 ವೋಲ್ಟ್, ಆರ್‌ಸಿಎಗಿಂತ 6 ಡೆಸಿಬೆಲ್ ಜಾಸ್ತಿ. ಅಂಗಡಿಯಲ್ಲಿ ಎಕ್ಸ್‌ಎಲ್‌ಆರ್ ಹಾಕಿ ‘ನೋಡಿ, ಎಷ್ಟು ಚೆನ್ನಾಗಿದೆ’ ಅಂದರೆ ಯಾಕೆ ಅಂತ ಈಗ ನಿಮಗೆ ಗೊತ್ತು. ಎಕ್ಸ್‌ಎಲ್‌ಆರ್‌ನ ಈ ಬ್ಯಾಲೆನ್ಸ್‌ಡ್ ಜೋಡಣೆಯ ನಿಜವಾದ ಲಾಭ ಉದ್ದ ಕೇಬಲ್ ಎಳೆಯುವಾಗ ಮತ್ತು ಗ್ರೌಂಡ್ ಲೂಪ್ ಕಾಡುವಾಗ. ಅದಕ್ಕೆ ಆಂಪ್‌ನಲ್ಲೂ ಎಕ್ಸ್‌ಎಲ್‌ಆರ್ ಇನ್‌ಪುಟ್ ಇರಬೇಕು. ನಿಮ್ಮ ಆಂಪ್‌ನಲ್ಲಿ ಇಲ್ಲದಿದ್ದರೆ ಅಡಾಪ್ಟರ್ ಹಾಕಿ ಆರ್‌ಸಿಎಗೆ ಇಳಿಸುವ ಸಾಹಸ ಬೇಡ. ಅಂಥ ಹಲವು ಅಡಾಪ್ಟರುಗಳು 3ನೇ ಪಿನ್ನನ್ನು ಗ್ರೌಂಡಿಗೆ ಸೇರಿಸಿರುತ್ತವೆ, ಕೆಲವು ಡ್ಯಾಕುಗಳಲ್ಲಿ ಅದು ಔಟ್‌ಪುಟನ್ನೇ ಶಾರ್ಟ್ ಮಾಡಿದಂತೆ. ಡ್ಯಾಕ್ ಮತ್ತು ಆಂಪ್ ಒಂದೇ ಶೆಲ್ಫಿನಲ್ಲಿದ್ದರೆ ಆರ್‌ಸಿಎ ಸಾಕು.

ಚಿಪ್ಪಿನ ಹೆಸರು

ಇಎಸ್‌ಎಸ್, ಎಕೆಎಂ, ಸಿರಸ್ ಲಾಜಿಕ್, ಬರ್-ಬ್ರೌನ್ ಹೆಸರಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್‌ಗಳು, ಈ ನಾಲ್ಕರಲ್ಲಿ ಯಾವುದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಚಿಪ್ ಸಿಗುವುದೇ ನಿಂತಿತ್ತು. ಹಲವು ಕಂಪನಿಗಳು ತಮ್ಮ ಮಾಡೆಲ್‌ಗಳನ್ನು ಬೇರೆ ಕಂಪನಿಯ ಚಿಪ್ ಹಾಕಿ ಮತ್ತೆ ವಿನ್ಯಾಸ ಮಾಡಬೇಕಾಯಿತು. ಎಕೆಎಂ ಸ್ವರ ಮೃದು, ಇಎಸ್‌ಎಸ್ ಸ್ವರ ಹರಿತ ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಸರಿಯಾಗಿ ಕಟ್ಟಿದ ಡ್ಯಾಕ್‌ನಲ್ಲಿ ಸ್ವರ ತೀರ್ಮಾನ ಆಗುವುದು ಚಿಪ್ಪಿನ ಸುತ್ತಲಿನ ಪವರ್ ಸಪ್ಲೈ, ಔಟ್‌ಪುಟ್ ಸರ್ಕ್ಯೂಟ್, ಫಿಲ್ಟರ್‌ಗಳಿಂದ. ಇವು ಚೆನ್ನಾಗಿದ್ದರೆ ಸ್ವರ ಅನ್ನುವುದೇ ಇರುವುದಿಲ್ಲ.

ಬೇರೆ ಥರ ಕೇಳುವ ಡ್ಯಾಕ್‌ಗಳೂ ಇವೆ, ಇಲ್ಲ ಅಂತಲ್ಲ. ಓವರ್‌ಸ್ಯಾಂಪ್ಲಿಂಗ್ (ಹಾಡಿನ ಅಳತೆಗಳ ನಡುವೆ ಲೆಕ್ಕ ಹಾಕಿ ಹೊಸ ಅಳತೆ ಸೇರಿಸುವುದು) ಇಲ್ಲದ, ‘ನಾಸ್’ ಅಂತ ಕರೆಯುವ ಡ್ಯಾಕ್‌ಗಳಲ್ಲಿ ಸಿಡಿ ನುಡಿಸಿದರೆ 20 ಕಿಲೋಹರ್ಟ್ಸ್‌ನಲ್ಲಿ ಸದ್ದು ಸುಮಾರು 3 ಡೆಸಿಬೆಲ್ ಇಳಿದಿರುತ್ತದೆ. ಆ ಇಳಿಜಾರನ್ನೇ ಕೆಲವರು ಅನಲಾಗ್ ಮಾಧುರ್ಯ ಅಂತ ಮೆಚ್ಚುತ್ತಾರೆ. ಮೆಚ್ಚಲಿ, ಆದರೆ ಅದೇ ಕೆಲಸವನ್ನು ಟ್ರೆಬಲ್ ಗುಂಡಿ ಪುಕ್ಕಟೆ ಮಾಡುತ್ತದೆ.

ಅಂಕಿಗಳಲ್ಲಿ ಒಂದನ್ನು ಮಾತ್ರ ನೋಡಿ: ಗದ್ದಲ ಮತ್ತು ಡಿಸ್ಟಾರ್ಷನ್ ಸೇರಿಸಿ ಅಳೆಯುವ ಸಿನಾಡ್. ಸಿಡಿಯ 16 ಬಿಟ್‌ಗೆ ಇರುವ ಗರಿಷ್ಠ ಮಿತಿ ಸುಮಾರು 98 ಡೆಸಿಬೆಲ್. ಡ್ಯಾಕ್ ಅದನ್ನು ದಾಟಿದ್ದರೆ ಸಿಡಿ ಹಾಡಿಗೆ ಅಡ್ಡಿ ಬರುವುದಿಲ್ಲ. ಈಗಿನ ಒಳ್ಳೆಯ ಡ್ಯಾಕ್‌ಗಳು 110 ದಾಟುತ್ತವೆ. ಅದರ ಮೇಲೆ 115 ಇರಲಿ, 122 ಇರಲಿ, ನಿಮ್ಮ ಸ್ಪೀಕರಿನ ಡಿಸ್ಟಾರ್ಷನ್ ಅದನ್ನೆಲ್ಲ ನುಂಗಿ ಹಾಕುತ್ತದೆ. 768 ಕಿಲೋಹರ್ಟ್ಸ್, ಡಿಎಸ್‌ಡಿ 512 ಅಂತ ಪೆಟ್ಟಿಗೆ ಮೇಲೆ ಬರೆದಿದ್ದಕ್ಕೂ ಜಾಸ್ತಿ ಕೊಡಬೇಡಿ. ಹಾಡು ಕುಗ್ಗಿಸುವ ಪದ್ಧತಿಯಾದ ಎಂಕ್ಯೂಎ ಲೋಗೊ ಅಂತೂ ಬೇಡ. ಆ ಕಂಪನಿ 2023ರಲ್ಲಿ ಹಣಕಾಸಿನ ತೊಂದರೆಗೆ ಸಿಕ್ಕಿ ಕೈ ಬದಲಾಯಿತು, 2024ರಲ್ಲಿ ಹಾಡಿನ ಸ್ಟ್ರೀಮಿಂಗ್ ಸೇವೆ ಟೈಡಲ್ ಕೂಡ ಅದನ್ನು ಬಿಟ್ಟು ಫ್ಲ್ಯಾಕ್ ಅನ್ನುವ ಮುಕ್ತ ಫಾರ್ಮ್ಯಾಟಿಗೆ ಹೋಯಿತು.

ಲ್ಯಾಪ್‌ಟಾಪ್ ಒಳಗೂ ಒಮ್ಮೆ ಇಣುಕಿ

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆಗುವುದು ಇಲ್ಲಿಯೇ. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್ ತೆರೆದು, ಪಟ್ಟಿಯಲ್ಲಿ ನಿಮ್ಮ ಡ್ಯಾಕನ್ನು ಆಯ್ದುಕೊಂಡು, ‘ಎನ್‌ಹಾನ್ಸ್‌ಮೆಂಟ್’ ಎಲ್ಲ ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯವರು ಹಾಕಿರುವ ‘ಸರೌಂಡ್’, ‘ಬೇಸ್ ಬೂಸ್ಟ್’ ಥರದ ಆ್ಯಪ್‌ಗಳಿದ್ದರೆ ಅವನ್ನೂ ನಿಲ್ಲಿಸಿ. ಹಾಡು ಬದಲಾಗಿ ಕೇಳಿದರೆ ಮೊದಲ ಅನುಮಾನ ಇವುಗಳ ಮೇಲೇ ಇರಲಿ. ಅಲ್ಲೇ ಇರುವ ಡೀಫಾಲ್ಟ್ ಫಾರ್ಮ್ಯಾಟನ್ನು 24 ಬಿಟ್, 44.1 ಕಿಲೋಹರ್ಟ್ಸ್ ಮಾಡಿ, ನೀವು ಕೇಳುವುದು ಬಹುಪಾಲು ಅದೇ ತಾನೇ? ಪ್ಲೇಯರಿನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಅನ್ನುವ ಆಯ್ಕೆ ಇದ್ದರೆ ವಿಂಡೋಸ್ ಮಿಕ್ಸರ್ ನಡುವೆ ಕೈ ಹಾಕುವುದಿಲ್ಲ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಬದಲಿಸಲು ಆಡಿಯೊ ಮಿಡಿ ಸೆಟಪ್ ಅನ್ನುವ ಆ್ಯಪ್ ಇದೆ. ವಿಂಡೋಸ್ 10 ಬಳಸುವವರಿಗೆ 2017ರ ಅಪ್‌ಡೇಟ್‌ನಿಂದ ಈಚೆಗೆ ಹೊಸ ಡ್ಯಾಕುಗಳಿಗೆ ಬೇರೆ ಡ್ರೈವರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಹಾಕುವ, ಆರಿಸುವ ಕ್ರಮ ಒಂದಿದೆ: ಹಾಕುವಾಗ ಆಂಪ್ ಕೊನೆಗೆ, ಆರಿಸುವಾಗ ಆಂಪ್ ಮೊದಲು. ಇಲ್ಲದಿದ್ದರೆ ಡ್ಯಾಕ್ ಎದ್ದಾಗ, ಮಲಗಿದಾಗ ಬರುವ ಧಡ್ ಅನ್ನುವ ಹೊಡೆತ ನೇರ ಸ್ಪೀಕರಿಗೆ.

ಕೊನೆಗೆ ಕೊಳ್ಳುವ ವಿಚಾರ. ಎರಡು ಆಪ್ಟಿಕಲ್ ಇನ್‌ಪುಟ್, ಒಂದು ಕೋಆಕ್ಸಿಯಲ್, ಒಂದು ಯುಎಸ್‌ಬಿ, 2 ವೋಲ್ಟ್‌ನ ಆರ್‌ಸಿಎ ಔಟ್‌ಪುಟ್, ರಿಮೋಟ್ ಇಷ್ಟಿರುವ ಡ್ಯಾಕ್‌ಗಳಲ್ಲಿ ಕಡಿಮೆ ಬೆಲೆಯದ್ದನ್ನು ಆರಿಸಿ. ರಿಮೋಟ್ ಯಾಕೆ ಅಂದರೆ ಟಿವಿಯಿಂದ ಲ್ಯಾಪ್‌ಟಾಪಿಗೆ ದಿನಕ್ಕೆ ನಾಲ್ಕು ಸಲ ಎದ್ದು ಹೋಗುವುದು ಮೊದಲ ವಾರ ಮಾತ್ರ ಚೆಂದ. ಹಳೆಯದನ್ನು ಈಗಲೇ ಮಾರಬೇಡಿ. ಎರಡನ್ನೂ ಆಂಪ್‌ನ ಬೇರೆ ಬೇರೆ ಕಿಂಡಿಗೆ ಹಾಕಿ, ಮಲ್ಟಿಮೀಟರ್ ತೆಗೆದು, ಅಳತೆ ಸರಿಮಾಡಿ ಕೇಳಿ. ಹೊಸದನ್ನು ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಈ ಕೆಲಸ ಮುಗಿಸಿ.